ಹಸಿರು ಲಂಗದ ತುಂಡು

"ಈ ತುಂಡು ಎಲ್ಲೀದು? ಮೊದಲು ಅದನ್ನ ಹೇಳು."

ಗೋಪಮ್ಮ ಕೌದಿಯ ಮೂಲೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಖಾಸಿಂ ಬೀ ಸೂಜಿ ನಿಲ್ಲಿಸಿದಳು. ಊರೂರು ತಿರುಗಿ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವುದು, ಆ ಬಟ್ಟೆಯಿಂದ ಕೌದಿ ಹೊಲಿದು ದೇವದುರ್ಗದ ಸಂತೆಯಲ್ಲಿ ಮಾರುವುದು ಅವಳ ಬದುಕು. ಗೋಪಮ್ಮ ಗಬ್ಬೂರಿನಿಂದ ಅವಳ ಮನೆಗೆ ಬಂದದ್ದು ತನಗೂ ಒಂದು ಕೌದಿ ಹೊಲಿಸಿಕೊಳ್ಳಲು. ಅಂಗಳದಲ್ಲಿ ಹಾಸಿದ್ದ ಅರೆಬರೆ ಕೌದಿಯಲ್ಲಿ ಹಸಿರು ಲಂಗದ ತುಂಡು ಕಂಡದ್ದೇ ತಡ, ಕಂಕುಳಲ್ಲಿದ್ದ ಬಟ್ಟೆಗಂಟು ಕೆಳಗೆ ಬಿತ್ತು. ಹರಿದ ಅಂಚಿಗೆ ಕೆಂಪು ದಾರದ ಸೊಟ್ಟ ಹೊಲಿಗೆ. ತನ್ನ ಕೈಯದೇ ಹೊಲಿಗೆ, ಹೆತ್ತವಳಿಗೆ ಗುರುತು ಸಿಗದೆ ಇರುತ್ತದೆಯೆ?

ಹತ್ತು ವರ್ಷದ ಮಗಳು ಹುಲಿಗೆಮ್ಮ ಅಪ್ಪ ಬೂದೆಪ್ಪನ ಸಂಗಡ ಸೋದರತ್ತೆಯ ಮನೆಗೆ ಹೊರಟವಳು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡು ಎರಡು ವರ್ಷವಾಗಿತ್ತು. ಅವಳ ಚೀಲದಲ್ಲಿ ಹಸಿರು ಲಂಗವಿತ್ತು ಎಂದು ಗೋಪಮ್ಮ ಎಲ್ಲರಿಗೂ ಹೇಳಿದ್ದಳು. ಪೊಲೀಸರು ಬರೆದುಕೊಂಡರು, ದೇವರು ಬರೆದುಕೊಳ್ಳಲೂ ಇಲ್ಲ. ಶಕ್ತಿನಗರದಲ್ಲಿ ಹೊಸದಾಗಿ ಎದ್ದ ಕೂಲಿಯವರ ಗುಡಿಸಲುಗಳನ್ನೂ ಅವಳು ಹುಡುಕದೆ ಬಿಟ್ಟಿರಲಿಲ್ಲ. ಲಂಗ ಸಿಕ್ಕರೆ ಚೀಲ ಸಿಕ್ಕಂತೆ, ಚೀಲ ಸಿಕ್ಕರೆ ಕೂಸು ಸಿಕ್ಕಂತೆ.

ಖಾಸಿಂ ಬೀಗೆ ಮುಖಗಳು ನೆನಪಿರುವುದಿಲ್ಲ. ಯಾವ ಬಟ್ಟೆಗೆ ಯಾವ ಪಾತ್ರೆ ಕೊಟ್ಟೆ ಎಂಬುದು ಮಾತ್ರ ಮರೆಯುವುದಿಲ್ಲ. ಕೆಂಪು ದಾರವನ್ನು ಬೆರಳಿನಿಂದ ಸವರಿದಳು.

"ಹೋದ ವರ್ಷ ಇದಕ್ಕ ಒಂದು ತಂಬಿಗಿ ಕೊಟ್ಟೀನಿ, ಯವ್ವಾ. ಬಾಯಿ ನೆಗ್ಗಿತ್ತು, ಬ್ಯಾರೇದು ತಗೋ ಅಂದ್ರೂ ಕೇಳಲಿಲ್ಲ ಅಂವ. ಲಂಗ ಪೆಟ್ಟಿಗಿ ಹಿಂದ ಬಿದ್ದಿತ್ತು, ಹೇಣ್ತಿ ನೋಡಿದ್ರ ಆಸೀನೇ ಬಿಡ್ತಾಳ, ಆಕಿ ಹೊಲದಿಂದ ಬರೂದರಾಗ ಒಯ್ದುಬಿಡು ಅಂದ. ಕೊಡೂವಾಗ ಅಳಾಕತ್ತಿದ್ದ."

"ಯಾವೂರಾಗ?"

"ಗಬ್ಬೂರಾಗ. ಬಾಗಿಲ ಮುಂದ ಮುರುಕ ಬಂಡಿ ಅದ ನೋಡು, ಆ ಮನಿ."

ಗೋಪಮ್ಮ ಕೌದಿಯ ಮೂಲೆ ಬಿಟ್ಟಳು. ಆ ಬಂಡಿ ಅವಳ ಮನೆಯದು. ಲಂಗ ಮಾನ್ವಿಗೆ ಹೋಗಿಯೇ ಇರಲಿಲ್ಲ. ಇದ್ದೊಂದು ಗುರುತೂ ಹೋಯಿತಲ್ಲ ಎಂದುಕೊಂಡಳು. ತುಂಡು ಬಿಚ್ಚಿಕೊಡಲೇ ಎಂದು ಖಾಸಿಂ ಬೀ ಕೇಳಿದಳು.

"ಬ್ಯಾಡಕ್ಕಾ, ಹೊಲಿ. ಯಾರದರ ಕೂಸು ಹೊದ್ಕೊಳ್ಳಲಿ."

ಸಂಜೆ ಅವಳು ಬಸ್ಸಿಳಿದು ಮನೆಗೆ ಬಂದಾಗ ಬೂದೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಎಲ್ಲಿಗೆ ಹೋಗಿ ಬಂದರೂ ಕೇಳುವ ಮಾತನ್ನೇ ಕೇಳಿದ.

"ಏನರ ಸುದ್ದಿ ಸಿಕ್ತೇನು?"

ಇಲ್ಲ ಎಂದಳು. ಅವನು ಒಳಗೆ ಹೋಗಿ ನೀರು ತಂದುಕೊಟ್ಟ. ಬಾಯಿ ನೆಗ್ಗಿದ ಅದೇ ತಂಬಿಗೆ. ಗೋಪಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಉಳಿಯದಂತೆ ಕುಡಿದಳು.