ಹನ್ನೊಂದು ತೊಳೆ

ಆ ಹಲಸಿನ ಹಣ್ಣನ್ನು ಮನೆಗೆ ತಂದದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮೂರು ಗೋಪಾಲಸ್ವಾಮಿ ಬೆಟ್ಟದ ಕೆಳಗೆ, ಕಾಡಂಚಿನ ಆನೆ ಕಂದಕಕ್ಕೆ ಅಂಟಿಕೊಂಡಿದೆ. ಇಲ್ಲಿ ಯಾರೂ ಹಲಸನ್ನು ಹಣ್ಣಾಗಲು ಬಿಡುವುದಿಲ್ಲ. ಎಳೆಗಾಯಿಯಲ್ಲೇ ಕಿತ್ತು ಕೇರಳದ ಲಾರಿಗೆ ತುಂಬುತ್ತಾರೆ. ಹಣ್ಣಿನ ವಾಸನೆ ಹಿಡಿದು ಆನೆ ಬರುತ್ತದೆ, ಮನೆಯ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ. ಇದನ್ನು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳು ಅವ್ವ.

ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತ ಚಾಮರಾಜನಗರದಲ್ಲಿ ಸಂಜೆಯ ಚಿತ್ರಕಲಾ ತರಗತಿಗೆ ಹೋಗುತ್ತಿದ್ದೆ. ಪರೀಕ್ಷೆಗೆ ಹಣ್ಣು ಹೂಗಳ ಒಂದು ತೈಲಚಿತ್ರ ಕೊಡಬೇಕಿತ್ತು. "ಫೋಟೊ ನೋಡಿ ಬರೀಬೇಡಿ. ಎದುರಿಗಿಟ್ಕೊಂಡು, ಇರೋದನ್ನ ಇದ್ದ ಹಾಗೇ ಬರೀರಿ," ಎಂದಿದ್ದರು ಮೇಷ್ಟ್ರು. ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದೆ. ಬಾಳೆ, ಚೆಂಡುಹೂ ನಮ್ಮ ಹೊಲದಲ್ಲೇ ಇದ್ದವು. ಹಲಸನ್ನು ಗುಂಡ್ಲುಪೇಟೆಯಲ್ಲಿ ಕೊಂಡೆ. ಆಗ ಅದಿನ್ನೂ ಕಾಯಿ. ಹಣ್ಣಾಗುವ ಮೊದಲು ಮುಗಿಸುತ್ತೇನೆಂದು ನಂಬಿದ್ದೆ.

ಸರಿಯಾದ ಬೆಳಕು ಬೀಳುತ್ತಿದ್ದದ್ದು ಅವ್ವನ ಕೋಣೆಯಲ್ಲಿ ಮಾತ್ರ, ಕಾಡಿನ ಕಡೆಯ ಕಿಟಕಿಯಿಂದ. ಸ್ಟ್ರೋಕ್ ಆದಮೇಲೆ ಅವ್ವ ಸಣ್ಣತಾಯಮ್ಮ ಆ ಕೋಣೆಯ ಮಂಚ ಬಿಟ್ಟು ಎದ್ದಿಲ್ಲ. ಎಡಗೈ, ಎಡಗಾಲು ಆಡುವುದಿಲ್ಲ. ಏನಾದರೂ ಬಂದರೆ ಓಡಲಾರಳು. ಅದು ಗೊತ್ತಿದ್ದೂ ಅವಳ ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿ ಹಣ್ಣು ಜೋಡಿಸಿದೆ.

ಹಲಸಿನ ಬಣ್ಣ ದಿನಾ ಬದಲಾಗುತ್ತಿತ್ತು. ನಿನ್ನೆ ಬಳಿದ ಹಸಿರು ಇಂದಿಗೆ ಸುಳ್ಳಾಗುತ್ತಿತ್ತು. ಕೆರೆದು ಮತ್ತೆ ಬಳಿಯುತ್ತಿದ್ದೆ. ಮೂರನೆಯ ದಿನ ಕೋಣೆ ಘಮ್ಮೆಂದಿತು. ಪಕ್ಕದ ಮನೆಯ ಮರಿಮಲ್ಲಪ್ಪ ಬಾಗಿಲಲ್ಲೇ ಮೂಗರಳಿಸಿ ನಿಂತ.

"ಏನ್ಲಾ ಸುನೀಲ, ಆನೆಗೆ ಲಗ್ನಪತ್ರಿಕೆ ಬರೀತಿದ್ದೀಯಾ?"

"ಇನ್ನೊಂದು ದಿನ ಚಿಕ್ಕಪ್ಪ. ಗಾಳಿ ಬೆಟ್ಟದ ಕಡೆಯಿಂದ ಬೀಸ್ತಾ ಅದೆ, ವಾಸ್ನೆ ಕಾಡಿಗೆ ಹೋಗಲ್ಲ."

"ಗಾಳಿ ನಿಮ್ಮ ಮೇಷ್ಟ್ರು ಮಾತು ಕೇಳ್ತದಾ? ನೀನೇನೋ ಓಡೋಯ್ತೀಯ ಕಣ್ಲಾ. ನಿಮ್ಮವ್ವ?"

ನಾನು ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಹಣ್ಣನ್ನು ಹೆಚ್ಚಿ, ಒಂದು ಹೋಳನ್ನು ನನ್ನ ಕಡೆ ತಿರುಗಿಸಿಟ್ಟೆ. ಕಾಣುವ ತೊಳೆಗಳನ್ನು ಒಂದೊಂದಾಗಿ ಬರೆದೆ. ಮಧ್ಯಾಹ್ನ ಮುಗಿಯಿತು. ಅಂಗಳದ ನಲ್ಲಿಯಲ್ಲಿ ಸೋಪು ಹಾಕಿ ಕುಂಚ ತೊಳೆದು ಬಂದು, ಹೋಳುಗಳನ್ನೂ ಬಾಳೆಯನ್ನೂ ಚೀಲಕ್ಕೆ ಹಾಕಿದೆ. ಹಾಕುವಾಗ ನೋಡಿದೆ, ಬರೆದ ಹೋಳಿನಲ್ಲಿ ಎಂಟು ತೊಳೆ. ಮರಿಮಲ್ಲಪ್ಪ ಬೈಯುತ್ತಲೇ ಚೀಲವನ್ನು ಬೈಕಿಗೆ ಕಟ್ಟಿಕೊಂಡು, ಕಾಡಿನಿಂದ ದೂರ ಎಸೆದು ಬರಲು ತೆರಕಣಾಂಬಿ ಕಡೆ ಹೊರಟುಹೋದ. ನಾನು ನೆಲವನ್ನು ಎರಡು ಸಲ ಫಿನಾಯಿಲ್ ಹಾಕಿ ಒರೆಸಿದೆ. ಆದರೂ ವಾಸನೆ ಹೋಗಲಿಲ್ಲ. ನನ್ನ ಮೂಗಿನಲ್ಲೇ ಉಳಿದಿರಬೇಕೆಂದುಕೊಂಡೆ.

ಆರು ಗಂಟೆಯ ಹೊತ್ತಿಗೆ ಗಾಳಿ ನಿಂತಿತು. ಕಿಟಕಿಯಾಚೆ ಒಂದು ಬಾಳೆಯೆಲೆಯೂ ಅಲುಗುತ್ತಿರಲಿಲ್ಲ. ಚಿತ್ರದ ಮುಂದೆ ಕೂತು ತೊಳೆಗಳನ್ನು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಇಲ್ಲದ ಮೂರನ್ನು ನಾನೇ ಸೇರಿಸಿಬಿಟ್ಟೆನೆ? ಅಂದಕ್ಕೆಂದು ಕೈ ತಾನಾಗಿಯೇ ಸುಳ್ಳು ಬರೆದುಬಿಟ್ಟಿತೆ? ಬಣ್ಣ ಇನ್ನೂ ಹಸಿಯಾಗಿತ್ತು. ಕೆರೆಯಲು ಚಾಕು ತೆಗೆದುಕೊಂಡೆ.

"ಅಳುಸ್ಬ್ಯಾಡ ಕಣಪ್ಪ," ಎಂದಳು ಅವ್ವ.

"ತಪ್ಪು ಬರ್ದಿದ್ದೀನಿ ಕಣವ್ವ. ಎಂಟೇ ಇದ್ದದ್ದು."

"ಅನ್ನೊಂದೇ ಇದ್ದೊ." ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು. "ನೀನು ನಲ್ಲಿತಕೆ ಓದಾಗ ಮೂರ ನಾನೇ ಕಿತ್ಕಂಡೆ. ಅಲಸಿನಣ್ಣು ತಿಂದು ಏಳೊರ್ಸ ಆಗಿತ್ತು. ನೀನು ಸರ್ಯಾಗೇ ಬರ್ದಿದ್ದೀಯ, ಆಳು ಮಾಡ್ಬ್ಯಾಡ."

ವಾಸನೆ ಹಿಡಿದು ಅವಳ ದಿಂಬಿನ ಕೆಳಗೆ ಕೈ ಹಾಕಿದೆ. ಬಟ್ಟೆಯ ತುಂಡಿನಲ್ಲಿ ಸುತ್ತಿದ ಎರಡು ತೊಳೆ, ಮೈಬಿಸಿಗೆ ಇನ್ನಷ್ಟು ಹಣ್ಣಾಗಿ ಕೈಗೆ ಮೆತ್ತಿಕೊಂಡವು.

"ಇನ್ನೊಂದು?"

"ತಿಂದ್ಬುಟ್ಟೆ."

ಅಷ್ಟು ಹೊತ್ತೂ ಬೊಗಳುತ್ತಿದ್ದ ಮರಿಮಲ್ಲಪ್ಪನ ನಾಯಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಕಿಟಕಿಯಾಚೆ ಬಾಳೆಯ ದಿಂಡೊಂದು ಲಟಕ್ಕೆಂದು ಮುರಿಯಿತು. ಆಮೇಲೆ ಇನ್ನೊಂದು, ಮೊದಲಿನದಕ್ಕಿಂತ ಹತ್ತಿರದಲ್ಲಿ.

ಎರಡು ತೊಳೆಗಳನ್ನು ಹಿಡಿದು ಮುಂಬಾಗಿಲಿಗೆ ಓಡಿ, ಇದ್ದ ಬಲವನ್ನೆಲ್ಲ ಹಾಕಿ ಎಸೆದೆ. ಅಂಟು ಬೆರಳು ಬಿಡಲಿಲ್ಲ. ಅವು ಬೇಲಿ ದಾಟದೆ ಅಂಗಳದಲ್ಲೇ ಬಿದ್ದವು. ಹೋಗಿ ಎತ್ತಿಕೊಳ್ಳಲು ಧೈರ್ಯವಾಗಲಿಲ್ಲ. ಬಾಗಿಲು ಹಾಕಿ ಒಳಗೆ ಬಂದು ಅವ್ವನ ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಹೊಳೆಯಿತು. ನಮ್ಮ ಮನೆಗೆ ಇರುವುದು ಅದೊಂದೇ ಬಾಗಿಲು.

ಕಿಟಕಿ ಕತ್ತಲಾಯಿತು. ಏನೋ ಗೋಡೆಯನ್ನು ಉಜ್ಜಿಕೊಂಡು ನಿಧಾನವಾಗಿ ಹಾದುಹೋಯಿತು. ಮತ್ತೆ ಬೆಳಕು ಬಂದಾಗ ಚಿತ್ರದ ಹನ್ನೊಂದು ತೊಳೆಗಳೂ ಹೊಳೆಯುತ್ತಿದ್ದವು. ಉಸಿರಿನ ಸದ್ದು ಮನೆಯನ್ನು ಸುತ್ತಿ ಅಂಗಳದಲ್ಲಿ ನಿಂತಿತು.

ಅವ್ವನ ಬಾಯಿಯನ್ನು ಅಂಗೈಯಿಂದ ಮುಚ್ಚಿದೆ. ಅವಳ ಬಿಸಿಯುಸಿರು ಬೆರಳ ಸಂದಿಯಿಂದ ಬರುತ್ತಲೇ ಇತ್ತು, ಸಿಹಿಯಾಗಿ, ಹಲಸಿನ ಹಣ್ಣಿನ ಹಾಗೆ. ಆನೆಗೆ ಎರಡು ತೊಳೆ ತಿಂದು ಮುಗಿಸಲು ಎಷ್ಟು ಹೊತ್ತು ಬೇಕು?