ನಕ್ಷೆಯ ಮೇಲೆ ಎರಡು ತೂತು

ನಕ್ಷೆ ಬರೆಯುವವಳಿಗೆ ತಂಗಿಯ ಮೇಲಿನ ಹೊಟ್ಟೆಕಿಚ್ಚು ಹೊಸದೇನಲ್ಲ. ಬಣ್ಣ, ಗುಂಗುರು ಕೂದಲು, ಅಮ್ಮನ ಮುದ್ದು, ಎಲ್ಲ ತಂಗಿಯ ಪಾಲಿಗೇ ಹೋಗಿದ್ದವು. ಈಗ ಸರ್ಕಾರವೂ ಅವಳ ಕಡೆಗೇ ವಾಲಿತ್ತು.

ಯೋಜನಾ ಕಚೇರಿಯ ಗೋಡೆಯ ತುಂಬ ಒಂದೇ ನಕ್ಷೆ. ಎಲ್ಲಿ ಕಾರ್ಖಾನೆ ಬರಬೇಕೋ ಅಲ್ಲೊಂದು ಕೆಂಪು ಗುಂಡುಸೂಜಿ. ಸಾಹುಕಾರರು ತಲೆ ಹಾಕಿಯೂ ಮಲಗದ ಊರಿಗೆ ಸರ್ಕಾರವೇ ಹೋಗಬೇಕು ಎನ್ನುತ್ತಿದ್ದ ಹಳೆಯ ನಿರ್ದೇಶಕರು, ನೂಲಿನ ಗಿರಣಿಯ ಸೂಜಿಯನ್ನು ಹೊಳೆಯ ಆಚೆ ದಡಕ್ಕೆ, ತಂಗಿ ಸೇರಿದ ಊರಿಗೆ ಚುಚ್ಚಿ, ವರ್ಗವಾಗಿ ಹೋದರು. ಈಚೆ ದಡದ್ದು ಇವಳ ಗಂಡನ ಊರು.

ಸುದ್ದಿ ಕೇಳಿದ ಅತ್ತೆ, ದೀಪದ ಬುಡದಲ್ಲೇ ಕತ್ತಲು ಎಂದು ಸೊಸೆಗೆ ಕೇಳಿಸುವಷ್ಟು ಮೆಲ್ಲಗೆ ಅಂದರು. ತಂಗಿಯಂತೂ ಫೋನಿನಲ್ಲಿ, ಗಿರಣಿ ಬಾಗಿಲು ತೆಗೆದ ದಿನ ಮೊದಲು ಕೆಲಸಕ್ಕೆ ಕಾಲಿಡುವವಳು ತಾನೇ, ಇನ್ನು ಎಲ್ಲಕ್ಕೂ ಗಂಡನ ಮುಖ ನೋಡುವುದು ತಪ್ಪಿತು ಎಂದು ನಕ್ಕಳು. ಆ ನಗು ಇವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು.

ಕಸ ಗುಡಿಸುವಾಕೆ ವಾರಕ್ಕೊಮ್ಮೆ ನಕ್ಷೆಯ ಧೂಳು ಹೊಡೆಯುವಾಗ ಸೂಜಿಗಳು ಉದುರುವುದು, ಇವಳು ಅವನ್ನು ಹಳೆಯ ತೂತಿಗೇ ಚುಚ್ಚುವುದು ಕಚೇರಿಯ ರೂಢಿ. ಈ ಸಲ ಇವಳ ಕೈ ಹೊಳೆ ದಾಟಲಿಲ್ಲ. ಕೆಂಪು ಸೂಜಿ ಈಚೆ ದಡದಲ್ಲೇ ಕೂತಿತು.

ಮರುದಿನ, ಮಂತ್ರಿಗಳ ಸಭೆಗೆ ನಕಲು ತೆಗೆಸಲು ಹೊಸ ನಿರ್ದೇಶಕರು ಬಂದರು. ಕನ್ನಡಕ ಹಣೆಗೇರಿಸಿ ನಕ್ಷೆಗೆ ಮೂಗು ತಾಗಿಸಿದರು.

"ಇಲ್ಲೊಂದು ಖಾಲಿ ತೂತಿದೆಯಲ್ಲಮ್ಮ. ಗಿರಣಿ ಯಾವ ದಡಕ್ಕೆ? ನಾನು ನಿನ್ನೆ ಬಂದವನು, ನೀವು ಹೇಳಿದ್ದೇ ಸರಿ."

ಸೂಜಿ ಇರುವ ಕಡೆಗೇ ಎಂದರೆ ಮುಗಿಯಿತು. ತಂಗಿ ಅಳುತ್ತಾಳೆ. ತವರಿಗೆ ಓಡುತ್ತಾಳೆ. ಅಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪಾಪ ನನ್ನ ಕೂಸು ಎನ್ನುತ್ತಾಳೆ. ಸೋತರೂ ಗೆಲ್ಲುವವಳು ಅವಳೇ.

ಇವಳು ಸೂಜಿ ಕಿತ್ತು ಹಳೆಯ ತೂತಿಗೆ ಒತ್ತಿದಳು.

"ಆಚೆ ದಡ, ಸರ್. ಚುಚ್ಚುವಾಗ ನನ್ನ ಕೈ ತಪ್ಪಿತ್ತು."

ಮಧ್ಯಾಹ್ನ ಊಟದ ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟು ತಂಗಿಗೆ ಫೋನು ಮಾಡಿದಳು.

"ಗಿರಣಿ ನಿಮ್ಮೂರಿಗೇ ಗಟ್ಟಿ ಕಣೇ. ನಾನು ಬಾಯಿ ಬಿಡದಿದ್ರೆ ಇವತ್ತು ಹೊಳೆ ದಾಟಿ ಈಚೆಗೆ ಬಂದುಬಿಡ್ತಿತ್ತು."

ತಂಗಿ ಅತ್ತೇಬಿಟ್ಟಳು. ಅಕ್ಕನ ಋಣ ಏಳು ಜನ್ಮಕ್ಕೂ ತೀರದು ಅಂದಳು. ಇವಳು ಅಯ್ಯೋ ಬಿಡೇ ಅನ್ನಲಿಲ್ಲ. ಅಷ್ಟನ್ನೂ ಕಿವಿತುಂಬ ಕೇಳಿಸಿಕೊಂಡಳು. ಆಮೇಲೆ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ ಅಂದಳು:

"ಇದನ್ನೆಲ್ಲ ಅಮ್ಮನಿಗೂ ಹೇಳು."