ಏಳಡಿಯ ಬಂಡೆ

ಎಂಟಡಿ ಇಳಿದರೂ ಹಾರೆ ಸದ್ದು ಮಾಡಲಿಲ್ಲ.

ಹಾರೆಯಣ್ಣ ಗುಂಡಿಯೊಳಗೆ ನಿಂತು ಮತ್ತೊಮ್ಮೆ ಎತ್ತಿ ಹಾಕಿದ. ಗುಡ್ಡದ ಇಳಿಜಾರಿನಲ್ಲಿ ತಂಗಿ ಕಟ್ಟಿಸುತ್ತಿದ್ದ ಮನೆಗೆ ಕಕ್ಕಸಿನ ಗುಂಡಿ ಅದು. ಹತ್ತು ಹೆಜ್ಜೆ ಆಚೆ ಅವಳ ಗಂಡ, ಗಾರೆ ಕೆಲಸದವನು, ಮನೆಯ ಹಿಂದಿನ ಮಣ್ಣು ತಡೆಯಲು ಕಲ್ಲಿನ ಗೋಡೆ ಏರಿಸುತ್ತಿದ್ದ. ಏಳಡಿಯಲ್ಲಿ ಬಂಡೆ ಇದೆ, ಪಾಯ ಅದರ ಮೇಲೇ ಕೂರಿಸು ಎಂದವನು ಹಾರೆಯಣ್ಣನೇ. ಇಪ್ಪತ್ತೆರಡು ವರ್ಷದಿಂದ ಆ ಕಣಿವೆಯಲ್ಲಿ ಯಾರು ಪಾಯ ತೆಗೆದರೂ ಮೊದಲು ಅವನನ್ನು ಕರೆಯುತ್ತಿದ್ದರು. ಅವನು ಬಂಡೆ ಅಂದರೆ ಮುಗಿಯಿತು, ಮರುಮಾತಿಲ್ಲ.

ಅಲ್ಲಿ ಏಳಡಿಗೆ ಬಂಡೆಯಾದರೆ ಇಲ್ಲಿ ಎಂಟಕ್ಕಾದರೂ ಸಿಗಬೇಕಿತ್ತು. ಒಂಬತ್ತಕ್ಕೆ ಹಾರೆ ಕೆಸರಿಗೆ ಕಾಲಿಟ್ಟಂತೆ ಸೊರ್ರನೆ ಇಳಿಯಿತು. ಮೇಲೆತ್ತಿದರೆ ತುದಿಗೆ ಬೂದಿ ಬಣ್ಣದ ಮಣ್ಣು. ಬೆರಳಲ್ಲಿ ಉಜ್ಜಿದ, ಸಾಬೂನಿನ ಹಾಗೆ ಜಾರಿತು. ಒಂದು ಚಿಟಿಕೆ ಹಲ್ಲಿಗಿಟ್ಟು ಕಚ್ಚಿದ. ಮರಳಿದ್ದರೆ ಕರಕರ ಅನ್ನಬೇಕು. ಏನೂ ಇಲ್ಲ, ನುಣ್ಣಗೆ ಅಂಟಿಕೊಂಡಿತು. ಜೇಡಿ. ಹೊಟ್ಟೆ ತುಂಬ ನೀರು ಕುಡಿದ ಜೇಡಿ.

ಆಮೇಲೆ ಗುಂಡಿಯ ಬದಿಗಳನ್ನು ನೋಡಿದ. ಮೇಲೆ ಒಂದು ಮೊಳ ಕಪ್ಪು ಮಣ್ಣು, ಬೇರು, ಕೊಳೆತ ಎಲೆ. ಅದರ ಕೆಳಗೆ ಕೆಂಪು ಮಣ್ಣು. ಅದರ ತುಂಬ ಮೂಲೆ ಸವೆಯದ ಚೂಪು ಕಲ್ಲುಗಳು, ದೊಡ್ಡದು ಚಿಕ್ಕದು ಅಡ್ಡಾದಿಡ್ಡಿ. ಇದ್ದಲ್ಲೇ ಹುಟ್ಟಿದ ಮಣ್ಣಾದರೆ ಇಳಿದಷ್ಟೂ ಗಟ್ಟಿಯಾಗುತ್ತ ಕೊನೆಗೆ ಕಲ್ಲೇ ಆಗುತ್ತದೆ. ಇದು ಇಲ್ಲಿ ಹುಟ್ಟಿದ್ದಲ್ಲ, ಬಂದದ್ದು. ಯಾವ ಕಾಲದಲ್ಲೋ ಗುಡ್ಡದ ನೆತ್ತಿಯಿಂದ ಜಾರಿ ಜೇಡಿಯ ಮೇಲೆ ಕೂತದ್ದು. ಹಾಗಾದರೆ ಗೋಡೆಯ ಕೆಳಗಿನ ಬಂಡೆಯೂ ಬಂಡೆಯಲ್ಲ, ಅದರ ಜೊತೆ ಉರುಳಿ ಬಂದ ಗುಂಡುಕಲ್ಲು.

ಕಲ್ಲು ಸಿಕ್ಕಲ್ಲಿ ಆರಡಿ ಅಗಲಕ್ಕೆ ಬಿಡಿಸಿ, ಮೂರು ಕಡೆ ಹಾರೆ ಹಾಕಿ ಸದ್ದು ಕೇಳುವುದು ಅವನ ಪದ್ಧತಿ. ಗೋಡೆಯ ಪಾಯ ನೋಡುವಾಗ ತಂಗಿ ಅಡ್ಡ ಬಂದಿದ್ದಳು. "ಅಣ್ಣಾ, ನನ್ನ ಹುರುಳಿಕಾಯಿ ಬಳ್ಳಿ ಹಾಳು ಮಾಡ್ಬೇಡ, ಈಗ ತಾನೇ ಹೂ ಬಿಟ್ಟಿದೆ." ಮನೆ ಕಟ್ಟಿಸುವವಳ ಮಾತು ಎಂದು ಎರಡಡಿ ಅಗಲದ ಗುಂಡಿಯಲ್ಲೇ ಮೂರು ಏಟು ಹಾಕಿದ್ದ. ಮೂರೂ ಠಣ್ ಎಂದಿದ್ದವು. ಒಂದೇ ಕಲ್ಲನ್ನು ಮೂರು ಸಲ ಕೇಳಿ, ಮೂವರು ಸಾಕ್ಷಿ ಹೇಳಿದರು ಅಂದುಕೊಂಡಿದ್ದ.

ಏಣಿ ಹತ್ತಿ ಓಡಿದ. ಎರಡು ದಿನ ಸುರಿದ ಮಳೆ ಆ ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಭಾವ ಗೋಡೆಗೂ ಗುಡ್ಡಕ್ಕೂ ನಡುವಿನ ಸಂದಿನಲ್ಲಿ ಇಳಿದು ನಿಂತಿದ್ದ, ತಲೆ ಮಾತ್ರ ಕಾಣುತ್ತಿತ್ತು.

"ಭಾವ, ಮೇಲೆ ಬಾ."

"ಯಾಕೆ, ನಿನ್ನ ತಂಗಿ ಊಟಕ್ಕೆ ಕರೆದ್ಲಾ? ಇಷ್ಟು ಬೇಗ ಅಡುಗೆ ಆಯ್ತಾ ಅವಳದು!"

"ತಮಾಷೆ ಬೇಡ. ಕೆಳಗಿರೋದು ಬಂಡೆ ಅಲ್ಲ, ಗುಂಡು. ಜೇಡಿ ಮೇಲೆ ಕೂತಿದೆ."

ಗಾರೆ ಮೆತ್ತುತ್ತಿದ್ದ ಕರಣೆ ನಿಂತಿತು. "ಬಂಡೆ ಅಂದೋನು ಯಾರು?"

"ನಾನೇ. ತಪ್ಪು ಹೇಳಿದೆ."

"ಮೂರು ವಾರ ಬೆನ್ನು ಮುರ್ಕೊಂಡ ಮೇಲೆ ಹೇಳ್ತೀಯಲ್ಲೋ ಮಹಾರಾಯ! ಗಾರೆ ಕಲಸಿ ಆಗಿದೆ. ಈ ಒಂದು ಕಲ್ಲಿನ ವರಸೆ ಮುಗಿಸಿ ಬರ್ತೀನಿ, ಆಮೇಲೆ ನಿನ್ನ ಜೇಡಿ ಪುರಾಣ ಓದು."

ನೀರು ಹೋಗಲೆಂದು ಗೋಡೆಯ ಬುಡದಲ್ಲಿ ಬಿಟ್ಟ ತೂತನ್ನು ಹಾರೆಯಣ್ಣ ಬಗ್ಗಿ ನೋಡಿದ. ಬೆಳಿಗ್ಗೆ ಅದರ ತಿಳಿನೀರಿನಲ್ಲೇ ಮುಖ ತೊಳೆದಿದ್ದ. ಈಗ ಬೂದಿ ಕಲಸಿದ ಹಾಗೆ ಬರುತ್ತಿತ್ತು. ಒಳಗೆ ಜೇಡಿ ಕರಗುತ್ತಿದೆ.

ಮಾತಿಗೆ ಇವನು ಬಗ್ಗುವವನಲ್ಲ. ಹಾರೆಯಣ್ಣ ತಾನೂ ಸಂದಿಗೆ ಇಳಿದು ಭಾವನ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕೂತ.

"ಏನೋ ಇದು?"

"ನೀನು ಬರೋವರೆಗೂ ನಾನೂ ಇಲ್ಲೇ. ನಿನ್ನ ಹೆಂಡ್ತಿ ಇಬ್ಬರಿಗೂ ಒಟ್ಟಿಗೇ ಅತ್ತು ಮುಗಿಸ್ಲಿ."

ಭಾವ ಬೈಯಲು ಬಾಯಿ ತೆರೆದ. ಮೇಲಿನಿಂದ ಒಂದು ಹಿಡಿ ಮಣ್ಣು ಅವನ ಹೆಗಲ ಮೇಲೆ ಉದುರಿತು. ಅವನು ಮೇಲೆ ನೋಡಲಿಲ್ಲ, ಹಾರೆಯಣ್ಣನ ಕೈ ನೋಡಿದ. ಅದು ಭಾವನ ಕಾಲನ್ನು ಬಿಗಿಯಾಗಿ ಹಿಡಿದಿತ್ತು. ಗುಂಡಿಗಳಲ್ಲೇ ಆಯಸ್ಸು ಕಳೆದವನ ಕೈ.

"ನಡಿ, ಹತ್ತು," ಎಂದು ಕರಣೆ ಕೆಳಗೆ ಹಾಕಿದ.

ಮೇಲೆ ಬಂದು ಹುಲ್ಲಿನ ಮೇಲೆ ಕೂತರು. ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ.

"ಗಾರೆ ಒಣಗ್ತಿದೆ," ಎಂದು ಭಾವ ಎದ್ದ. ಹಾರೆಯಣ್ಣ ಅಂಗಿ ಹಿಡಿದು ಎಳೆದ.

"ಮೊದಲು ತೂಗುಗುಂಡು ಬಿಟ್ಟು ನೋಡು. ಹೊರಗಿಂದಲೇ."

ಗೋಡೆಯ ಕೊನೆಯಲ್ಲಿ ನಿಂತು ಭಾವ ದಾರ ಬಿಟ್ಟ. ನಿನ್ನೆ ಬುಡಕ್ಕೆ ತಾಗುತ್ತಿದ್ದ ಗುಂಡು ನಾಲ್ಕು ಬೆರಳು ಆಚೆ ತೂಗುತ್ತಿತ್ತು. ನೋಡುತ್ತಿದ್ದಂತೆ ಐದಾಯಿತು. ಅವನು ದಾರ ಬಿಟ್ಟು ಹಾರಿದ.

ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆ ಇಳಿಸಿದ ಹಾಗೆ ಒಂದು ಉಸಿರು. ಗುಡ್ಡ ಸಂದಿನೊಳಗೆ ಬಂದು ಕೂತಿತು. ಗೋಡೆ ಬಾಗಿ ನಿಂತಿತು, ಬೀಳಲಿಲ್ಲ. ಭಾವ ಗಾರೆ ಹಾಕುತ್ತ ನಿಂತಿದ್ದ ಜಾಗದಲ್ಲಿ ಎದೆಮಟ್ಟ ಕೆಂಪು ಮಣ್ಣು.

ತಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಒಬ್ಬರು, ಇಬ್ಬರು ಎಂದು ನೋಡಿದಳು, ಉಸಿರು ಬಿಟ್ಟಳು. ಗೋಡೆಯತ್ತ ತಿರುಗಿ ಕೇಳಿದಳು:

"ಇಲ್ಲಿ ಮನೆ ಆಗುತ್ತಾ, ಅಣ್ಣಾ?"

ಇಂಥ ಪ್ರಶ್ನೆಗೆ ಅವನು ಎಂದೂ ಯೋಚಿಸಿ ಉತ್ತರ ಕೊಟ್ಟವನಲ್ಲ.

"ಗೊತ್ತಿಲ್ಲ ಕಣೇ. ಉದ್ದಕ್ಕೂ ತೋಡಿ ನೋಡ್ಬೇಕು. ಹದಿನೈದು ದಿನ ಬೇಕು."

ಭಾವ ಗಾರೆ ಮೆತ್ತಿದ ಕೈಯನ್ನು ಹುಲ್ಲಿಗೆ ಒರೆಸುತ್ತ, ಅವನ ಕಡೆ ನೋಡದೆಯೇ ಅಂದ:

"ತಿಂಗಳೇ ತಗೋ."